ಹಿಂಬಾಗಿಲಿನ ಸ್ಟೆಪ್ನಿ

ಮೂವತ್ತೈದು ವರ್ಷ ಹಳಗನ್ನಡ ಪಾಠ ಹೇಳಿದವನು ಮೋಟಾರು ಗಾಡಿಯ ಗಾಲಿಯನ್ನು ಕುರಿತು ಮಾತನಾಡಹೊರಟರೆ ಕೇಳುಗರಾದ ನಿಮಗೆ ಸೋಜಿಗವಾದೀತು. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಒಂದು ಶಬ್ದ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಾವ ಗ್ಯಾರೇಜಿಗಾದರೂ ಹೋಗಿ 'ಬದಲಿ ಗಾಲಿ' ಎಂದು ಕೇಳಿ ನೋಡಿ. ಹುಡುಗರು ನಿಮ್ಮ ಮುಖ ನೋಡುತ್ತಾರೆ. 'ಸ್ಟೆಪ್ನಿ' ಎನ್ನಿ, ಕೂಡಲೇ ಪಾನಾ ಕೈಗೆ ಬರುತ್ತದೆ. ಇದು ಇಂಗ್ಲಿಷಿನವರು ನಿತ್ಯ ಆಡುವ ಮಾತೆಂದೇ ನಾನು ಬಹುಕಾಲ ನಂಬಿದ್ದೆ. ವಿಚಾರಿಸಿದಾಗ ತಿಳಿಯಿತು, ಅವರು ಅದನ್ನು ಎಂದೋ ಮರೆತಿದ್ದಾರೆ.

ಸ್ಟೆಪ್ನಿ ಎಂಬುದು ವಸ್ತುವಿನ ಹೆಸರಲ್ಲ, ಬೀದಿಯ ಹೆಸರು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಮನೆತನದ ಸಹೋದರರಿಬ್ಬರು 1904ರ ಸುಮಾರಿಗೆ ಈ ಸಾಧನವನ್ನು ರೂಪಿಸಿದರು. ಆಗಿನ ಕಾರುಗಳ ಗಾಲಿ ಸುಲಭವಾಗಿ ಕಳಚಿ ಬರುವಂಥದಲ್ಲ. ಟೈರು ಒಡೆಯಿತೆಂದರೆ ದಾರಿಯ ಮಗ್ಗುಲಲ್ಲಿ ಕುಳಿತು ಅದನ್ನು ಬಿಚ್ಚಿ, ತೇಪೆ ಹಾಕಿ, ಮತ್ತೆ ಗಾಳಿ ತುಂಬಬೇಕು. ಡೇವಿಸ್ ಸಹೋದರರು ಅರಗಳಿಲ್ಲದ, ಬಳೆಯಂಥ ಒಂದು ಚಕ್ರಕ್ಕೆ ಗಾಳಿ ತುಂಬಿದ ಟೈರನ್ನು ಏರಿಸಿ, ಅದನ್ನು ಕೆಟ್ಟ ಗಾಲಿಯ ಪಕ್ಕಕ್ಕೇ ಕಚ್ಚಿಸಿ ಬಿಗಿಯುವ ಉಪಾಯ ಕಂಡುಹಿಡಿದರು. ಇಡೀ ಗಾಲಿಯನ್ನೇ ಕಳಚಿ ಬದಲಾಯಿಸುವ ಅನುಕೂಲ ಬಂದಮೇಲೆ ಆ ಸಾಧನ ಮೂಲೆಗೆ ಬಿತ್ತು. ಹೆಸರು ಮಾತ್ರ ಹಡಗು ಹತ್ತಿ ಬಂದು ಭಾರತದಲ್ಲಿ ಉಳಿಯಿತು. ಮಾಲ್ಟಾ ದ್ವೀಪದಲ್ಲೂ ಉಳಿದಿದೆಯಂತೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಬೈಸಿಕಲ್ಲು ಹಳ್ಳಿಗರ ಬಾಯಿಗೆ ಸಿಕ್ಕಿ 'ಬೀಸೆಕಲ್ಲು' ಆದದ್ದನ್ನು ಬಲ್ಲ ನಮಗೆ ಇದೇನೂ ಹೊಸತಲ್ಲ. ನಾನು ಅರೆಕಾಲಿಕ ಅಧ್ಯಾಪಕನಾಗಿದ್ದಾಗ ಸಹೋದ್ಯೋಗಿಗಳು ನನ್ನನ್ನೂ ಸ್ಟೆಪ್ನಿ ಎಂದು ಕರೆದು ನಗುತ್ತಿದ್ದರು. ಯಾರು ರಜೆ ಹಾಕಿದರೂ ಅವರ ತರಗತಿಗೆ ನಾನೇ.

ಆ ಗಾಲಿಯನ್ನು ಎಲ್ಲಿ ಕಟ್ಟಬೇಕೆಂಬುದಕ್ಕೂ ಒಂದು ಇತಿಹಾಸವಿದೆ. ಹಳೆಯ ಕಾರುಗಳಲ್ಲಿ ಅದು ಮುಂಗಾಲಿಯ ಹಿಂದೆ, ಮೆಟ್ಟಿಲ ಮೇಲೆ, ಎಲ್ಲರಿಗೂ ಕಾಣುವಂತೆ ನಿಂತಿರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದರಲ್ಲ, ಅವುಗಳ ಬೆನ್ನಿಗೆ ಒಂದು ಗಾಲಿಯನ್ನೂ ಅದರ ಪಕ್ಕದಲ್ಲಿ ಒಂದು ಪೆಟ್ರೋಲ್ ಡಬ್ಬಿಯನ್ನೂ ಬಿಗಿದಿದ್ದರು. ಯುದ್ಧ ಮುಗಿದು 1945ರಲ್ಲಿ ಜೀಪು ರೈತನ ಗಾಡಿಯಾದಾಗ ಸರಕು ತುಂಬಲು ಹಿಂದೆ ಇಳಿಸುವ ಹಲಗೆ ಬೇಕಾಯಿತು; ಗಾಲಿ ಪಕ್ಕಕ್ಕೆ ಸರಿಯಿತು. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರಾದವರು ಜೋಡಿಸತೊಡಗಿದ ವಿಲ್ಲೀಸ್ ಜೀಪುಗಳು ಇದೇ ವಂಶದವು. ನಮ್ಮ ಅಡಕೆ ತೋಟಗಳ ದಾರಿಗೆ ಬಂದವೂ ಇವೇ. ಮುಂದೆ ಕೆಲವು ಗಾಡಿಗಳಲ್ಲಿ ಗಾಲಿ ಹೊಟ್ಟೆಯಡಿಗೆ ಹೋಯಿತು. ಒಳಗೆ ಜಾಗ ಉಳಿಯುತ್ತದೆ, ಬೆನ್ನು ಚೊಕ್ಕಟವಾಗಿ ಕಾಣುತ್ತದೆ. ಟಾರು ರಸ್ತೆಯಲ್ಲಿ ಅದರಿಂದ ತೊಂದರೆಯಿಲ್ಲ. ಮಲೆನಾಡಿನ ಕೆಸರಿನಲ್ಲಿ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

1989ರ ಆಷಾಢದ ಒಂದು ರಾತ್ರಿ. ಹೊಸನಗರ ತಾಲ್ಲೂಕಿನ ನಗರದ ಕಡೆಯ ನಮ್ಮ ಹಳ್ಳಿಯಲ್ಲಿ ತಂದೆಯವರಿಗೆ ಇದ್ದಕ್ಕಿದ್ದಂತೆ ಬಲಭಾಗ ಸೋತು ಮಾತು ತೊದಲಿತು. ಬಾಡಿಗೆ ಜೀಪೊಂದನ್ನು ಗೊತ್ತುಮಾಡಿ ತೀರ್ಥಹಳ್ಳಿಯ ಆಸ್ಪತ್ರೆಗೆ ಹೊರಟೆವು. ಹಿಂದೆ ಇನ್ನಿಬ್ಬರು ನಿಲ್ಲಲಿ ಎಂದು ಆ ಗಾಡಿಯ ಮಾಲೀಕ ಸ್ಟೆಪ್ನಿಯನ್ನು ಅಡಿಗೆ ಸರಪಳಿಯಲ್ಲಿ ತೂಗುಹಾಕಿಸಿದ್ದ. ಊರು ಬಿಟ್ಟು ಮೂರು ಮೈಲಿ ಹೋಗಿರಲಿಲ್ಲ, ಕೊರಕಲಿನಲ್ಲಿ ಎದ್ದುನಿಂತಿದ್ದ ಜಂಬಿಟ್ಟಿಗೆ ಕಲ್ಲು ಹಿಂಗಾಲಿಯ ಟೈರನ್ನು ಸೀಳಿತು. ಗಾಡಿ ಕೆಸರಿಗೆ ಕುಳಿತುಬಿಟ್ಟಿತು. ಗಾಲಿ ಇದ್ದದ್ದು ಆ ಕೆಸರಿನೊಳಗೇ! ಜಾಕ್ ಇಟ್ಟರೆ ಗಾಡಿ ಏಳುವ ಬದಲು ಜಾಕ್ ಇಳಿಯುತ್ತಿತ್ತು. ಸರಪಳಿಯ ನಟ್ಟು ತುಕ್ಕು ಹಿಡಿದಿತ್ತು. ಚಾಲಕ ಅಂಗಾತ ಮಲಗಿ, ಮಳೆನೀರು ಮುಖಕ್ಕೆ ಹರಿಯುತ್ತಿರಲು, ಕೈಯಿಂದ ಮಣ್ಣು ತೋಡಿದ. ನಾನು ಲಾಟೀನು ಹಿಡಿದಿದ್ದೆ. ಒಳಗೆ ಅಮ್ಮ ಅಪ್ಪಯ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಸಮನೆ "ಆಯ್ತಾ ಮಾರಾಯ, ಆಯ್ತಾ" ಎನ್ನುತ್ತಿದ್ದರು. ಆದದ್ದು ಒಂದೂವರೆ ಗಂಟೆಯ ಮೇಲೆ.

ತಂದೆಯವರು ಬದುಕಿದರು, ಮತ್ತೆ ಹನ್ನೊಂದು ವರ್ಷ ಇದ್ದರು. ಬಲಗೈ ಮಾತ್ರ ಮುಂದೆ ಅಡಕೆ ಸುಲಿಯುವ ಕತ್ತಿಯನ್ನು ಹಿಡಿಯಲಿಲ್ಲ. ಆ ಒಂದೂವರೆ ಗಂಟೆಗೂ ಆ ಕೈಗೂ ಸಂಬಂಧವಿತ್ತೋ ಇಲ್ಲವೋ, ಹೇಳಬಲ್ಲ ವೈದ್ಯ ನಾನಲ್ಲ. ಅಂದಿನಿಂದ ಯಾವ ಗಾಡಿಯನ್ನು ಕಂಡರೂ ನನ್ನ ಕಣ್ಣು ಮೊದಲು ಅದರ ಬೆನ್ನಿಗೆ ಹೋಗುತ್ತದೆ.

1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲೂ 2000ದಲ್ಲಿ ಬಂದ ಬೊಲೆರೋದಲ್ಲೂ ಗಾಲಿ ಹಿಂಬಾಗಿಲಿಗೆ ಏರಿತು. ಇಳಿಸುವ ಹಲಗೆಯ ಅನುಕೂಲ, ಬೆನ್ನ ಮೇಲಿನ ಗಾಲಿಯ ಅನುಕೂಲ ಎರಡನ್ನೂ ಕೂಡಿಸಬೇಕೆಂದರೆ ಬಾಗಿಲು ಪಕ್ಕಕ್ಕೆ ತೆರೆಯುವಂತಿರಬೇಕು. ಅಷ್ಟು ಭಾರ ಹೊತ್ತ ಬಾಗಿಲನ್ನು ಮೇಲಕ್ಕೆತ್ತುವವರು ಯಾರು? ಕಷ್ಟ ಇಲ್ಲದಿಲ್ಲ. 20 ಕಿಲೋ ಮೀರಿದ ಗಾಲಿ ಹಗಲಿರುಳು ಬಾಗಿಲಿಗೆ ಜೋತುಬಿದ್ದಿದ್ದರೆ ಪೂರ್ತಿ ಭಾರ ಬಿಜಾಗರಿಗಳ ಮೇಲೆ. ಗಾಡಿ ಕುಲುಕಿದಷ್ಟೂ ಬಾಗಿಲು ಜೋಲುತ್ತದೆ, ಚಿಲಕ ಕೂಡದಾಗುತ್ತದೆ. ಮೂಲದಲ್ಲಿ ಗಾಲಿಯಿಲ್ಲದ ಬಾಗಿಲಿಗೆ ತಾವೇ ಅದನ್ನು ಕೂಡಿಸಹೊರಟವರು ಬರಿಯ ತಗಡಿಗೆ ಬೋಲ್ಟು ಹಾಕಿದರೆ ಒಂದು ಮಳೆಗಾಲದಲ್ಲಿ ತಗಡು ಬಿರಿಯುತ್ತದೆ. ಬಲ್ಲ ವೆಲ್ಡಿಂಗಿನವರು ಬಾಗಿಲ ಒಳಮೈಗೆ ಕಬ್ಬಿಣದ ಪಟ್ಟಿ ಕೊಟ್ಟು ಭಾರವನ್ನು ಹಂಚುತ್ತಾರೆ. ಅವರಿಗಿಂತ ಬಲ್ಲವರು ಬಾಗಿಲಿಗೆ ಅಂಟದಂತೆ, ಗಾಡಿಯ ಚೌಕಟ್ಟಿನಿಂದಲೇ ತಿರುಗುವ ಬೇರೊಂದು ತೋಳು ಮಾಡಿ ಅದಕ್ಕೆ ಗಾಲಿ ಹೊರಿಸುತ್ತಾರೆ.

ಸಾಗರದ ಕಡೆಯವರು ಇನ್ನೊಂದು ತೊಡಕು ಹೇಳುತ್ತಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ ಆಚೆ ದಡದ ತುಮರಿ, ಸಿಗಂದೂರಿನ ದಾರಿ ಲಾಂಚಿನದಾಯಿತಷ್ಟೆ. ಲಾಂಚಿನಲ್ಲಿ ಗಾಡಿಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸುವಾಗ ಬೆನ್ನ ಗಾಲಿಯ ಒಂದು ಗೇಣು ಹೆಚ್ಚು. ನಡುಹೊಳೆಯಲ್ಲಿ ಹಿಂಬಾಗಿಲು ತೆರೆಯಲೂ ಆಗದು. 2025ರ ಜುಲೈಯಲ್ಲಿ ಅಲ್ಲಿ ಸೇತುವೆಯಾಗಿ ಆ ತಕರಾರು ತೀರಿತು.

ಈಗ ಗಾಲಿಯನ್ನೇ ಕೈಬಿಡುವ ಕಾಲ ಬಂದಿದೆ. ಟ್ಯೂಬಿಲ್ಲದ ಟೈರು, ಗಾಳಿ ಇಳಿದರೆ ತಿಳಿಸುವ ಸೂಚಕ, ತೂತು ಮುಚ್ಚುವ ಅಂಟಿನ ಪೆಟ್ಟಿಗೆ ಇವಿದ್ದರೆ ಸಣ್ಣ ಗಾಡಿಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮವನ್ನು ತಿದ್ದಿತು. ಕಳೆದ ವರ್ಷ ಅಳಿಯಂದಿರು ಕಾರು ಕೊಳ್ಳುವಾಗ ನಾನೂ ಜೊತೆಗೆ ಹೋಗಿದ್ದೆ. ಸ್ಟೆಪ್ನಿ ಎಲ್ಲಿ ಎಂದು ಕೇಳಿದ್ದಕ್ಕೆ ಅಂಗಡಿಯ ಹುಡುಗ ಒಂದು ಪುಟ್ಟ ಪೆಟ್ಟಿಗೆ ತೋರಿಸಿದ. ಮೊಳೆಯ ತೂತಿಗೆ ಇದು ಸರಿ. ಜಂಬಿಟ್ಟಿಗೆಯ ಮೊನೆ ಟೈರಿನ ಪಕ್ಕವನ್ನೇ ಸೀಳಿದರೆ ಈ ಅಂಟು ಹಿಡಿದೀತೇನಪ್ಪಾ ಎಂದೆ. ಪ್ರಾಮಾಣಿಕ ಹುಡುಗ. "ಇಲ್ಲ ಸಾರ್, ಆಗ ಗಾಡಿ ಎಳೆಸಬೇಕಾಗುತ್ತೆ" ಎಂದ. ನಮ್ಮ ಮನೆಗೆ ಮುಖ್ಯರಸ್ತೆಯಿಂದ ಇನ್ನೂ ನಾಲ್ಕು ಕಿಲೋಮೀಟರ್ ಮಣ್ಣುದಾರಿ. ಅಳಿಯಂದಿರು ನನ್ನ ಮುಖ ನೋಡಿದರು. ಮರುವಾರ ಅವರು ಮನೆಗೆ ತಂದ ಗಾಡಿಯ ಹಿಂಬಾಗಿಲಲ್ಲಿ ಗಾಲಿಯಿತ್ತು.