ಮುಖದ ಸುತ್ತ ಬರೋ ಆ ಚೌಕದ ಕಥೆ

ಹೋದ ತಿಂಗಳು ನಮ್ಮ ಮನೆಯಲ್ಲಿ ನಾಮಕರಣ ಇತ್ತು. ಎಲ್ಲರನ್ನೂ ಕೂರಿಸಿ ಫೋಟೋ ತೆಗೆಯೋಕೆ ಮೊಬೈಲ್ ಎತ್ತಿದೆ. ಸ್ಕ್ರೀನ್ ಮೇಲೆ ಒಬ್ಬೊಬ್ಬರ ಮುಖಕ್ಕೂ ಚಿಕ್ಕ ಚೌಕ ಬಂತು. ಕಿಟಕಿಗೆ ಬೆನ್ನು ಹಾಕಿ ಕೂತಿದ್ದ ಅಜ್ಜಿಗೆ ಮಾತ್ರ ಬರಲಿಲ್ಲ. "ಅಜ್ಜಿ, ಇದಕ್ಕೆ ನಿಮ್ಮ ಮುಖ ಕಾಣ್ತಿಲ್ಲ" ಅಂದೆ. "ಎದುರಿಗೇ ಕೂತಿದೀನಲ್ಲೋ!" ಅಂದರು. ಎಲ್ಲರೂ ನಕ್ಕರು.

ಎಐ ಅಂದ ಕೂಡಲೇ ಇವತ್ತು ನಮಗೆ ಚಾಟ್‌ಬಾಟ್ ನೆನಪಾಗುತ್ತೆ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಮಷಿನ್ ಲರ್ನಿಂಗ್ ಈ ಚೌಕದ ರೂಪದಲ್ಲಿ ನಮ್ಮ ಕೈಗೆ ಬಂದಿತ್ತು. ಯಾರೂ ಅದನ್ನು ಆ ಹೆಸರಿಂದ ಕರೀಲಿಲ್ಲ, ಅಷ್ಟೇ.

2001ನೇ ಇಸವಿ. ಪಾಲ್ ವಯೋಲಾ, ಮೈಕೆಲ್ ಜೋನ್ಸ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಒಂದು ಪ್ರಬಂಧ ಮಂಡಿಸಿದರು. ಅವರ ಮುಂದಿದ್ದ ಸಮಸ್ಯೆ ಇದು: ಫೋಟೋದಲ್ಲಿ ಮುಖ ಯಾವ ಮೂಲೆಯಲ್ಲಾದರೂ, ಯಾವ ಅಳತೆಯಲ್ಲಾದರೂ ಇರಬಹುದು. ಹಾಗಾಗಿ ಸಾವಿರಾರು ಪುಟ್ಟ ತುಂಡುಗಳನ್ನು ಒಂದೊಂದಾಗಿ ನೋಡಬೇಕು. ಅಂದಿನ ಕಂಪ್ಯೂಟರ್‌ಗೆ ಅದು ದೊಡ್ಡ ಹೊರೆ.

ಅವರು ಕೈಯಾರೆ ಗುರುತು ಹಾಕಿದ 4,916 ಮುಖಗಳನ್ನೂ, ಮುಖವಿಲ್ಲದ ಚಿತ್ರಗಳನ್ನೂ ಯಂತ್ರಕ್ಕೆ ತೋರಿಸಿದರು. ಯಾವ ಸುಳಿವು ಮುಖ್ಯ ಅಂತ ಯಂತ್ರವೇ ಆರಿಸಿಕೊಂಡಿತು. ಕಣ್ಣಿನ ಭಾಗ ಕೆನ್ನೆಗಿಂತ ಕಪ್ಪು. ಕಣ್ಣುಗಳ ನಡುವಿನ ಮೂಗಿನ ಭಾಗ ಕಣ್ಣಿಗಿಂತ ಬೆಳ್ಳಗೆ. ಇಂಥ 6,061 ಸುಳಿವುಗಳು.

ನಿಜವಾದ ಜಾಣತನ ಇರೋದು ಮುಂದಿನ ಹೆಜ್ಜೆಯಲ್ಲಿ. ಮೊದಲ ಎರಡೇ ಸುಳಿವು ನೋಡು, ಹೊಂದದಿದ್ದರೆ ಆ ತುಂಡನ್ನು ಅಲ್ಲೇ ಬಿಡು. ಸಾವಿರ ಅರ್ಜಿ ಬಂದಾಗ ಯಾರೂ ಎಲ್ಲವನ್ನೂ ಕೊನೆಯ ಪುಟದವರೆಗೆ ಓದಲ್ಲ, ಅಲ್ವಾ? ಗೋಡೆ, ಪರದೆ, ಆಕಾಶ ಎಲ್ಲ ಮೊದಲಲ್ಲೇ ಹೊರಗೆ. ಹೀಗೆ ಒಂದು ತುಂಡಿಗೆ ಸರಾಸರಿ 10 ಸುಳಿವು ನೋಡಿದರೆ ಸಾಕಾಯ್ತು. 700 ಮೆಗಾಹರ್ಟ್ಸ್‌ನ ಪೆಂಟಿಯಂ 3 ಕಂಪ್ಯೂಟರ್ ಸೆಕೆಂಡಿಗೆ 15 ಚಿತ್ರ ನೋಡಿ ಮುಗಿಸಿತು!

ಮುಂದೆ ಈ ವಿಧಾನ ಓಪನ್‌ಸಿವಿ ಅನ್ನೋ ಉಚಿತ ಸಾಫ್ಟ್‌ವೇರ್‌ಗೂ ಸೇರಿತು, ಯಾರು ಬೇಕಾದರೂ ಬಳಸೋ ಹಾಗಾಯ್ತು. 2005ರಲ್ಲಿ ನಿಕಾನ್‌ನ ಕೂಲ್‌ಪಿಕ್ಸ್ ಕ್ಯಾಮೆರಾಗಳು ಮುಖವನ್ನು ತಾವೇ ಹುಡುಕಿ ಫೋಕಸ್ ಮಾಡತೊಡಗಿದವು. ಫೋಕಸ್ ತಪ್ಪಿ ಹಿಂದಿನ ಗೋಡೆ ಚೆನ್ನಾಗಿ ಬಂದು ಮುಖ ಮಸುಕಾಗೋ ಕಾಟ ನಿಧಾನಕ್ಕೆ ಕಮ್ಮಿಯಾಯ್ತು. ಯಾರೂ ಅದನ್ನು ಗಮನಿಸಲೂ ಇಲ್ಲ.

ನಾವು ಗಮನಿಸೋದು ಅದು ತಪ್ಪಿದಾಗ. ಇಂದಿನ ಫೋನ್‌ಗಳಲ್ಲಿ ಹೊಸ ವಿಧಾನಗಳಿವೆ, ಆದರೂ ಯಂತ್ರ ಕಲಿಯೋದು ನಾವು ತೋರಿಸಿದ ಉದಾಹರಣೆಗಳಿಂದಲೇ. 2018ರಲ್ಲಿ ಜಾಯ್ ಬೂಲಂವಿನಿ, ಟಿಮ್ನಿಟ್ ಗೆಬ್ರು ಮುಖ ನೋಡಿ ಗಂಡೋ ಹೆಣ್ಣೋ ಹೇಳೋ ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಬಣ್ಣದ ಹೆಂಗಸರಲ್ಲಿ ಶೇ. 34.7ರವರೆಗೆ. ನಮ್ಮಂಥ ಬಣ್ಣದವರು ಇದನ್ನು ಬೇರೆಯವರ ಸುದ್ದಿ ಅಂತ ಬಿಡೋ ಹಾಗಿಲ್ಲ. ಫೋಟೋ ಆದರೆ ಇನ್ನೊಂದು ತೆಗೀಬಹುದು. ಮುಖ ತೋರಿಸಿ ಹಾಜರಿ ಹಾಕೋ ಕಡೆ ಯಂತ್ರ "ಇಲ್ಲ" ಅಂದರೆ ಆ ದಿನದ ಸಂಬಳದ ಪ್ರಶ್ನೆ.

ಅಂದಹಾಗೆ, ಅಜ್ಜಿಯನ್ನು ಕಿಟಕಿಯಿಂದ ಈಚೆಗೆ ಕೂರಿಸಿದ ಮೇಲೆ ಚೌಕ ಬಂತು. "ಈಗ ಕಂಡೆನಾ?" ಅಂತ ಕೇಳಿದರು. ಮುಂದಿನ ಸಂಚಿಕೆಯಲ್ಲಿ ಸಿಗೋಣ.