ಮತ್ಸ್ಯಗಳ ಸ್ಪರ್ಶತಂತುಗಳು: ಒಂದು ಪ್ರಶ್ನೆಯ ಇತಿಹಾಸ

ತ್ವಗಿಂದ್ರಿಯವು ಶರೀರವನ್ನೆಲ್ಲ ವ್ಯಾಪಿಸಿರುವುದೆಂದು ನಮ್ಮ ನೈಯಾಯಿಕರ ಮತ. ಆ ವ್ಯಾಪ್ತಿಯು ಯಾವ ತಂತುಗಳ ಮೂಲಕ ಸಿದ್ಧಿಸುವುದೆಂಬುದನ್ನು ಪ್ರತ್ಯಕ್ಷಪ್ರಮಾಣದಿಂದ ನಿರ್ಣಯಿಸಲು ಯೂರೋಪಿನ ಶಾರೀರಶಾಸ್ತ್ರಜ್ಞರು ಬಹುಕಾಲ ಶ್ರಮಿಸಿದರು. ಆ ನಿರ್ಣಯಕ್ಕೆ ಮತ್ಸ್ಯಗಳು ಒದಗಿಸಿದ ಸಾಕ್ಷ್ಯವನ್ನು ಸಂಕ್ಷೇಪವಾಗಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಬೆನ್ನುಹುರಿಯಿಂದ ಹೊರಡುವ ನರಗಳಿಗೆ ಎರಡೆರಡು ಬೇರುಗಳುಂಟು. ಅವುಗಳಲ್ಲಿ ಹಿಂಬೇರು ಸಂವೇದನೆಯನ್ನು ಒಳಕ್ಕೆ ಒಯ್ಯುವುದೆಂದು 1822ರಲ್ಲಿ ಫ್ರಾನ್ಸಿನ ಮಜಾಂಡಿಯು ಪ್ರಯೋಗದಿಂದ ತೋರಿಸಿದನು. ಹಾಗಾದರೆ ಆ ತಂತುಗಳಿಗೆ ಆಶ್ರಯವಾದ ನರಕೋಶಗಳು ಇರುವುದೆಲ್ಲಿ? ಹಿಂಬೇರಿನ ಮೇಲೆ, ಬೆನ್ನುಹುರಿಯ ಹೊರಗೆ ಇರುವ ಗ್ರಂಥಿಯಲ್ಲಿ ಎಂಬುದೇ ಮೇಲ್ತರಗತಿಯ ಪ್ರಾಣಿಗಳನ್ನು ನೋಡಿದವರಿಗೆ ತೋರತಕ್ಕ ಉತ್ತರವು.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ದವಡೆಯಿಲ್ಲದ ಲ್ಯಾಂಪ್ರಿ ಎಂಬ ಆದಿಮ ಜಲಚರದಲ್ಲಿ ದೊರೆಯಿತು. ಅದರ ಬೆನ್ನುಹುರಿಯ ಒಳಗೇ ಕೆಲವು ದೊಡ್ಡ ಕೋಶಗಳಿರುವುದನ್ನು 1860ರಲ್ಲಿ ರೈಸ್ನರನು ವರ್ಣಿಸಿದನು. 1877ರಲ್ಲಿ ವಿಯೆನ್ನಾ ನಗರದ ಬ್ರ್ಯೂಕೆಯ ಪ್ರಯೋಗಶಾಲೆಯಲ್ಲಿದ್ದ ತರುಣನೊಬ್ಬನು ಲ್ಯಾಂಪ್ರಿಯ ಮರಿಗಳನ್ನು ಪರೀಕ್ಷಿಸಿ, ಆ ಕೋಶಗಳ ತಂತುಗಳು ಹಿಂಬೇರಿಗೇ ಸೇರುವುವೆಂದು ತೋರಿಸಿದನು. ಮುಂದೆ ಮನೋವಿಶ್ಲೇಷಣೆಯಿಂದ ಪ್ರಸಿದ್ಧನಾದ ಸಿಗ್ಮಂಡ್ ಫ್ರಾಯ್ಡನೇ ಈತನು. ಬೆನ್ನುಹುರಿಗೂ ಗ್ರಂಥಿಗೂ ನಡುವೆ, ದಾರಿಯಲ್ಲಿ ಉಳಿದುಹೋದವುಗಳಂತೆ, ಚದುರಿರುವ ಕೋಶಗಳನ್ನೂ 1878ರಲ್ಲಿ ಅವನು ವಿವರಿಸಿದನು. ಆದುದರಿಂದ ಒಳಗಿನ ಕೋಶವೂ ಹೊರಗಿನ ಕೋಶವೂ ಭಿನ್ನಜಾತಿಯವಲ್ಲವೆಂಬ ಪಕ್ಷಕ್ಕೆ ಬಲವುಂಟಾಯಿತು.

ಇದು ಲ್ಯಾಂಪ್ರಿಯೊಂದರ ಅಪವಾದವೆಂದು ತಳ್ಳಿಹಾಕುವಂತಿರಲಿಲ್ಲ. 1884ರಲ್ಲಿ ರೋಹೋನನು ಟ್ರೌಟ್ ಮೀನಿನ ಭ್ರೂಣದ ಬೆನ್ನುಹುರಿಯಲ್ಲಿ ಅಂತಹವೇ ದೊಡ್ಡ ಕೋಶಗಳನ್ನು ಕಂಡನು. ಅನಂತರ ಬಿಯರ್ಡನು ತೊರಕೆ ಜಾತಿಯ ಮೀನುಗಳಲ್ಲಿ ಅವುಗಳನ್ನು ಅನುಸರಿಸಿ ನೋಡಿ, ಅವು ಅಲ್ಪಾಯುಗಳೆಂದು 1896ರಲ್ಲಿ ಪ್ರತಿಪಾದಿಸಿದನು. ಈ ಇಬ್ಬರ ಹೆಸರಿನಿಂದಲೇ ಅವು ಇಂದು ರೋಹೋನ್-ಬಿಯರ್ಡ್ ಕೋಶಗಳೆನಿಸಿವೆ. ಮರಿಮೀನಿನ ಚರ್ಮಕ್ಕೆ ಮೊದಲು ಸ್ಪರ್ಶಜ್ಞಾನವನ್ನು ಕೊಡುವುವು ಇವೇ. ಬೆಳೆದ ಮೀನಿನ ದೇಹದಲ್ಲಿ ಆ ಅಧಿಕಾರವು ಹೊರಗಿನ ಗ್ರಂಥಿಗಳಿಗೆ ಸಲ್ಲುವುದು. ಆದರೆ ಜೀಬ್ರಾಮೀನಿನಲ್ಲಿ ಈ ಕೋಶಗಳು ಎಣಿಸಿದಂತೆ ಬೇಗನೆ ನಶಿಸುವುದಿಲ್ಲವೆಂದು 2020ರ ಸಂಶೋಧನೆಯೊಂದು ವಾದಿಸಿರುವುದರಿಂದ, ಬಿಯರ್ಡನ ಮತವನ್ನು ಎಲ್ಲ ಮೀನುಗಳಿಗೂ ಅನ್ವಯಿಸುವುದು ಯುಕ್ತವಲ್ಲ.

ತಂತುಗಳ ಇನ್ನೊಂದು ತುದಿಯ ವಿಚಾರವು ಈಚಿನದು. ಬೆಳೆದ ಜೀಬ್ರಾಮೀನಿನ ಚರ್ಮದಲ್ಲಿ ನರಗಳು ಹರಡುವ ಕ್ರಮವನ್ನು ಹುರುಪೆಗಳೇ ನಿಯಮಿಸುವುವೆಂದೂ, ಹುರುಪೆಗಳಿಲ್ಲದಿದ್ದರೆ ಆ ಕ್ರಮವು ಕೆಡುವುದೆಂದೂ 2018ರಲ್ಲಿ ತಿಳಿದುಬಂದಿತು. ಈಜುರೆಕ್ಕೆಯಾದರೋ ಕೇವಲ ಹುಟ್ಟುಗೋಲಲ್ಲ. ಅದರ ಕಡ್ಡಿಗಳು ಬಾಗಿದಾಗ ಅವುಗಳೊಳಗಿನ ನರಗಳು ಆ ಬಾಗುವಿಕೆಯ ಪ್ರಮಾಣವನ್ನೂ ವೇಗವನ್ನೂ ಅನುಸರಿಸಿ ಸ್ಪಂದಿಸುವುದನ್ನು 2013ರಲ್ಲಿ ಬ್ಲೂಗಿಲ್ ಮೀನಿನಲ್ಲಿ ಅಳೆದು ನೋಡಿರುವರು.

ಇಷ್ಟರಿಂದ ನಿಷ್ಪನ್ನವಾಗುವುದೇನೆಂದರೆ, ಕೋಶವು ಬೆನ್ನುಹುರಿಯ ಒಳಗಿರಬೇಕೋ ಹೊರಗಿರಬೇಕೋ ಎಂಬ ವಾದದಲ್ಲಿ ಎರಡು ಪಕ್ಷಗಳೂ ನಿರಾಧಾರವಲ್ಲ. ಒಂದೇ ಮೀನು ತನ್ನ ಆಯುಸ್ಸಿನಲ್ಲಿ ಎರಡಕ್ಕೂ ಸಾಕ್ಷಿಯಾಗಬಲ್ಲದು. ಅಲ್ಪಪ್ರಾಣಿಯೊಂದರ ಅಪವಾದವನ್ನು ಉಪೇಕ್ಷಿಸದೆ ಪರೀಕ್ಷಿಸಿದುದರಿಂದಲೇ ಈ ಅರ್ಥವು ವಿಶದವಾಯಿತೆಂಬುದನ್ನು ಶಾಸ್ತ್ರಾಭ್ಯಾಸಿಗಳು ಮರೆಯಬಾರದು.