ಹೀಲಿಯಂ ಜಡಾನಿಲ, ಹಾಗಾಗಿ ಬಲೂನ್ ಗ್ಯಾಸ್‌ನಿಂದ ಅಪಾಯವಿಲ್ಲ ಎನ್ನುವುದು ನಿಜವೇ?

ಹೇಳಿಕೆ
"ಗ್ಯಾಸ್ ಬಲೂನಿನಲ್ಲಿರುವುದು ಹೀಲಿಯಂ. ಅದು ಜಡಾನಿಲ. ಬೆಂಕಿ ಹತ್ತುವುದಿಲ್ಲ, ಉಸಿರಿನಲ್ಲಿ ಎಳೆದುಕೊಂಡರೂ ಏನೂ ಆಗುವುದಿಲ್ಲ." ಹುಟ್ಟುಹಬ್ಬದ ವಿಡಿಯೊಗಳ ಜೊತೆ ಇಂಥ ಮಾತು ಹರಿದಾಡುತ್ತದೆ. ಇದರಲ್ಲಿ ಎಷ್ಟು ನಿಜ ಎಂದು ನೋಡೋಣ.

ಚುಟುಕು ಉತ್ತರ
ಅರ್ಧ ಸತ್ಯ. ಹೀಲಿಯಂ ಸುಡುವುದಿಲ್ಲ, ಅಷ್ಟು ನಿಜ. ಉಳಿದದ್ದು ತಪ್ಪು.

ಜಡಾನಿಲ ಎಂದರೇನು?
ಆವರ್ತ ಕೋಷ್ಟಕದ ಬಲತುದಿಯ 18ನೇ ಗುಂಪಿನಲ್ಲಿ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್ ಇವೆ. ಇವುಗಳ ಪರಮಾಣುವಿನ ಹೊರಕವಚದಲ್ಲಿ 8 ಎಲೆಕ್ಟ್ರಾನ್‌ಗಳಿರುತ್ತವೆ. ಹೀಲಿಯಂಗೆ ಮಾತ್ರ 2, ಅದರ ಕವಚ ಅಷ್ಟಕ್ಕೇ ತುಂಬುತ್ತದೆ. ಕವಚ ತುಂಬಿರುವುದರಿಂದ ಇವು ಬೇರೆ ಧಾತುಗಳ ಜೊತೆ ಸುಲಭವಾಗಿ ಸೇರುವುದಿಲ್ಲ. 'ಜಡ' ಎನ್ನುವುದಕ್ಕೆ ಇಷ್ಟೇ ಅರ್ಥ. ಅದೂ ಪೂರ್ತಿ ನಿಜವಲ್ಲ: 1962ರಲ್ಲಿ ನೀಲ್ ಬಾರ್ಟ್‌ಲೆಟ್ ಕ್ಸೆನಾನ್‌ನ ಸಂಯುಕ್ತವನ್ನೇ ತಯಾರಿಸಿದರು. ಆದ್ದರಿಂದ ಇವನ್ನು ಈಗ ಶ್ರೇಷ್ಠಾನಿಲ, ರಾಜಾನಿಲ ಎಂದೂ ಕರೆಯುತ್ತಾರೆ.

ಕೋಷ್ಟಕದಲ್ಲಿ ಜಾಗ ಸಿಕ್ಕಿದ್ದು ಹೇಗೆ?
1869ರಲ್ಲಿ ಮೆಂಡಲೀವ್ ಪ್ರಕಟಿಸಿದ ಕೋಷ್ಟಕದಲ್ಲಿ ಈ ಗುಂಪೇ ಇರಲಿಲ್ಲ. ಆದರೆ ಹೀಲಿಯಂನ ಸುಳಿವು ಹಿಂದಿನ ವರ್ಷವೇ ಸಿಕ್ಕಿತ್ತು, ಅದೂ ನಮ್ಮ ನಾಡಿನ ಮೇಲೆ ಹಾದುಹೋದ ಗ್ರಹಣದಲ್ಲಿ. 1868ರ ಆಗಸ್ಟ್ 18ರಂದು ಜಮಖಂಡಿಯಲ್ಲಿ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಜಾನ್ಸೆನ್ ಸೂರ್ಯನ ಅಂಚಿನ ಬೆಳಕನ್ನು ಬಣ್ಣಬಣ್ಣದ ಗೆರೆಗಳಾಗಿ ಬಿಡಿಸಿ ನೋಡಿದರು. ಹಳದಿ ಭಾಗದ ಗೆರೆ ಸೋಡಿಯಂನದ್ದು ಎಂದು ಹರ್ಷೆಲ್ ಭಾವಿಸಿದರು. ಅದು ಸೋಡಿಯಂನದ್ದಲ್ಲ ಎಂದು ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಾಕ್ಯರ್ ಗುರುತಿಸಿದರು. ಸೂರ್ಯನ ಗ್ರೀಕ್ ಹೆಸರು 'ಹೀಲಿಯೋಸ್'ನಿಂದ ಹೊಸ ಧಾತು ಹೀಲಿಯಂ ಆಯಿತು. 1894ರಲ್ಲಿ ಗಾಳಿಯಲ್ಲಿ ಆರ್ಗಾನ್ ಪತ್ತೆಯಾಯಿತು, 1895ರಲ್ಲಿ ರಾಮ್ಸೆ ಯುರೇನಿಯಂ ಖನಿಜದಿಂದ ಹೀಲಿಯಂ ಬಿಡಿಸಿದರು. ಇವೆರಡೂ ಹಳೆಯ ಯಾವ ಗುಂಪಿಗೂ ಹೊಂದಲಿಲ್ಲ, ಹೊಸ ಗುಂಪೇ ಬೇಕಾಯಿತು.

ಬಲೂನಿನಲ್ಲಿ ಯಾವ ಗ್ಯಾಸ್?
ಹೀಲಿಯಂ ದುಬಾರಿ. ಜಂಗಮಕೋಟೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಜಾತ್ರೆ ಬಲೂನಿನಲ್ಲಿ ಹೈಡ್ರೋಜನ್ ಇದ್ದರೂ ಇರಬಹುದು. ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂನಿಂದ ಅದನ್ನು ಅಗ್ಗವಾಗಿ ತಯಾರಿಸಬಹುದು. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ಎರಡೂ ಮೇಲಕ್ಕೆ ಹಾರುತ್ತವೆ. ಆದರೆ ಹೈಡ್ರೋಜನ್ ಒಂದು ಕಿಡಿ ಸೋಕಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ನೋಡಿದ ಮಾತ್ರಕ್ಕೆ ಯಾವುದು ಯಾವುದೆಂದು ಹೇಳಲಾಗದು.

ಉಸಿರಾಡಿದರೆ?
ಹೀಲಿಯಂ ವಿಷವಲ್ಲ. ಆದರೆ ಶ್ವಾಸಕೋಶದಲ್ಲಿ ಆಮ್ಲಜನಕದ ಜಾಗವನ್ನು ಅದೇ ಆಕ್ರಮಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಲೇ ಇರುವುದರಿಂದ ಉಸಿರುಗಟ್ಟಿದ ಅನುಭವವೂ ಆಗದೆ ಪ್ರಜ್ಞೆ ತಪ್ಪಬಹುದು, ಜೀವವೂ ಹೋಗಬಹುದು. ಸಿಲಿಂಡರ್‌ಗೆ ನೇರವಾಗಿ ಬಾಯಿಟ್ಟರೆ ಒತ್ತಡಕ್ಕೆ ಶ್ವಾಸಕೋಶವೇ ಹರಿಯಬಹುದು. ವೆಲ್ಡಿಂಗ್‌ಗೆ ಬಳಸುವ ಆರ್ಗಾನ್ ಗಾಳಿಗಿಂತ ಭಾರ. ಅದು ಗುಂಡಿ, ಟ್ಯಾಂಕ್‌ಗಳ ತಳದಲ್ಲಿ ನಿಂತರೆ ಇಳಿದವರಿಗೆ ಅದೇ ಅಪಾಯ.

ಇದೇ ಗುಂಪಿನ ರೇಡಾನ್ ವಿಕಿರಣಶೀಲ. ಗ್ರಾನೈಟ್ ಬಂಡೆಯಲ್ಲಿನ ಯುರೇನಿಯಂ ಕ್ಷಯಿಸುತ್ತಾ ಹೋದಂತೆ ಅದು ಹುಟ್ಟುತ್ತದೆ. ಗಾಳಿಯಾಡದ ಮನೆಯಲ್ಲಿ ಶೇಖರವಾದರೆ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು.

ಏನು ಮಾಡಬೇಕು?
• ಯಾವುದೇ ಗ್ಯಾಸ್ ಬಲೂನನ್ನು ದೀಪ, ಕೇಕಿನ ಮೇಣದಬತ್ತಿ, ಬೀಡಿ-ಸಿಗರೇಟಿನಿಂದ ದೂರವಿಡಿ.
• ದನಿ ಬದಲಿಸುವ ಆಟಕ್ಕೆ ಮಕ್ಕಳನ್ನು ಬಿಡಬೇಡಿ.
• ಗ್ಯಾಸ್ ತುಂಬುವ ಸಿಲಿಂಡರ್ ಹತ್ತಿರ ಮಕ್ಕಳನ್ನು ನಿಲ್ಲಿಸಬೇಡಿ. ಹೀಲಿಯಂ ಸಿಲಿಂಡರ್ ಕೂಡ ಒತ್ತಡ ಹೆಚ್ಚಾದರೆ ಸಿಡಿಯಬಹುದು.

ತೀರ್ಮಾನ
ಜಡಾನಿಲ ಎಂದರೆ ರಾಸಾಯನಿಕವಾಗಿ ಸುಲಭಕ್ಕೆ ಬೆರೆಯದ ಅನಿಲ, ಅಪಾಯವೇ ಇಲ್ಲದ ಅನಿಲವಲ್ಲ. ಈ ಸಂದೇಶ ದಾರಿ ತಪ್ಪಿಸುವಂಥದ್ದು. ಫಾರ್ವರ್ಡ್ ಮಾಡಬೇಡಿ.